ಬೆನ್ನಿಗೊಂದು ಒರಗು

"ಹೆಂಗಸ್ರು ಮಿಶೀನ್ ಹತ್ತಂಗಿಲ್ಲ ಕಣಮ್ಮ, ಇಳಿ!" ಎಂದು ಮೇಸ್ತ್ರಿ ರುದ್ರಯ್ಯ ಕೂಗುವಷ್ಟರಲ್ಲಿ ಮಂಜುಳಮ್ಮ ಗಂಡನ ಬುಲ್ಡೋಜರಿನ ಸೀಟಿನಲ್ಲಿ ಕೂತಾಗಿತ್ತು.

"ಆಯುಧಪೂಜೇಲಿ ಇದಕ್ಕೆ ಕುಂಕುಮ ಹಚ್ಚಕ್ಕೆ ಮಾತ್ರ ಹೆಂಗಸ್ರು ಬೇಕೇನಣ್ಣ?"

ಗುಬ್ಬಿಯ ಹತ್ತಿರ ನಾಲೆ ಅಗೆಯಲು ಶುರುವಾಗಿ ಆರು ವರ್ಷ. ಅಷ್ಟೂ ದಿನ ಅವಳ ಗಂಡ ಯಲ್ಲಯ್ಯ ಈ ಸೀಟಿನ ಮೇಲೆ ಕುಲುಕುತ್ತ ಕೂತಿದ್ದ. ಈಗ ಮಧ್ಯಾಹ್ನಕ್ಕೇ ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದ. ಬರುವ ಸೋಮವಾರ ಪೂರ್ತಿ ಪಾಳಿ ಕೂರದಿದ್ದರೆ ಮಿಶೀನು ಬೇರೆಯವರಿಗೆ, ಅವನಿಗೆ ಕಾವಲು ಕೆಲಸ ಎಂದು ರುದ್ರಯ್ಯ ಹೇಳಿಬಿಟ್ಟಿದ್ದ. ಅಂದಿನಿಂದ ಯಲ್ಲಯ್ಯ ಮನೆಯಲ್ಲಿ ಮಾತು ಬಿಟ್ಟಿದ್ದ. ಅವನು ನರಳಿದರೆ ಮಂಜುಳಮ್ಮ ಎಣ್ಣೆ ತಿಕ್ಕಿಯಾಳು. ಮಾತೇ ಆಡದವನಿಗೆ ಏನು ತಿಕ್ಕುವುದು? ಮೆತ್ತಗಿದ್ದರೆ ಸಾಕೆಂದು ಸೀಟಿಗೆ ಬೂರುಗದ ಹತ್ತಿಯ ದಿಂಬು ಹೊಲಿದುಕೊಟ್ಟಿದ್ದಳು. ಮೂರೇ ದಿನಕ್ಕೆ ಅದು ಚಪ್ಪಟೆ ರೊಟ್ಟಿಯಾಗಿತ್ತು. ನೋವು ಎಲ್ಲಿಂದ ಹತ್ತುತ್ತದೋ ತಾನೇ ಕೂತು ನೋಡುತ್ತೇನೆಂದು ಇವತ್ತು ಬಂದಿದ್ದಳು.

"ಶುರು ಮಾಡು, ನೋಡನ," ಎಂದಳು ಗಂಡನಿಗೆ.

"ನಿಂಗೆ ಹುಚ್ಚೇನೇ?" ಎನ್ನುತ್ತಲೇ ಅವನು ಪಕ್ಕದಿಂದ ಕೈ ಚಾಚಿ ಇಂಜಿನ್ ಹಚ್ಚಿದ.

ಹಲ್ಲು ಕಟಕಟ ಎಂದವು. ಬೆನ್ನಹುರಿಯಿಂದ ನೆತ್ತಿಯವರೆಗೆ ನಡುಕ ಏರಿತು. ಸಾವರಿಸಿಕೊಂಡು ಪೆಡಲಿಗೆ ಕಾಲು ಚಾಚಿದಳು. ಎಟುಕಲಿಲ್ಲ. ಸೀಟಿನ ಅಂಚಿಗೆ ಜಾರಿದ ಮೇಲೆ ಎಟುಕಿತು, ಆದರೆ ಬೆನ್ನ ಹಿಂದೆ ಒಂದು ಗೇಣು ಖಾಲಿ. ಗಂಡನೂ ಅವಳಷ್ಟೇ ಎತ್ತರದವನು.

"ಆರು ವರ್ಷದಿಂದ ನೀನು ಬೆನ್ನು ಒರಗಿಸೇ ಇಲ್ವಾ?"

"ಒರಗಿದ್ರೆ ಕಾಲು ಎಟುಕ್ಬೇಕಲ್ಲೇ!"

ಹಾಗಲವಾಡಿಯ ತವರಿನಲ್ಲಿ ತೆಂಗಿನ ನಾರು ಬಡಿದು ಪಳಗಿದ ಕೈ ಅವಳದು. ಎರಡು ದಿನ ನಾರು ಬಿಡಿಸಿ, ಗೋಣಿಗೆ ಗಿಡಿದು ತುಂಬಿ, ದಬ್ಬಳದಲ್ಲಿ ಹೊಲಿದಳು. ಕೂರಲು ಒಂದು, ಬೆನ್ನಿಗೆ ಗೇಣು ದಪ್ಪದ ಇನ್ನೊಂದು. ಒತ್ತಿದರೆ ತಗ್ಗಿ ಮತ್ತೆ ಏಳುವಷ್ಟು ಬಿಗಿ.

ಸೋಮವಾರ ಬೆಳಿಗ್ಗೆ ಉಳಿದ ಆಪರೇಟರುಗಳು ನಕ್ಕರು. "ಏನ್ಲಾ ಯಲ್ಲ, ಸಿಂಹಾಸನ ಹೊತ್ಕೊಂಡ್ ಬಂದಿದೀಯ!"

ಮಧ್ಯಾಹ್ನ ಮುದ್ದೆ ಉಂಡು ಯಲ್ಲಯ್ಯ ಮತ್ತೆ ಮಿಶೀನು ಹತ್ತಿದ. ಮಂಜುಳಮ್ಮ ಬುತ್ತಿ ಪಾತ್ರೆ ತೊಳೆದಿಟ್ಟು ನಾಲೆಯ ಏರಿಯ ಮೇಲೇ ಕೂತಳು. ಮೂರು ಗಂಟೆಯಾಯಿತು, ನಾಲ್ಕಾಯಿತು. ಸಂಜೆಯ ಸೀಟಿ ಕೂಗಿದಾಗಲೂ ಡೋಜರು ಮಣ್ಣು ತಳ್ಳುತ್ತಲೇ ಇತ್ತು.

ಯಲ್ಲಯ್ಯ ಯಾರ ಹೆಗಲನ್ನೂ ಹಿಡಿಯದೆ ಕೆಳಗೆ ಹಾರಿದ. "ಇನ್ನೊಂದ್ ಗಂಟೆ ಬೇಕಾದ್ರೂ ಕೂರ್ತಿದ್ದೆ ಕಣೇ!" ಎಂದ, ನಾಲೆಗೆಲ್ಲ ಕೇಳುವಂತೆ.

ರುದ್ರಯ್ಯ ತಾನೇ ಮೇಲೆ ಹತ್ತಿ ಕೂತ. ಹಿಂದಕ್ಕೆ ಒರಗಿದ. ಸ್ವಲ್ಪ ಹೊತ್ತು ಏಳಲೇ ಇಲ್ಲ.

"ತಂಗಿ, ಇನ್ನೂ ಮೂರು ಮಿಶೀನವೆ."

"ಒಬ್ರದ್ದು ಇನ್ನೊಬ್ರಿಗೆ ಆಗಲ್ಲಣ್ಣ. ಒಬ್ಬೊಬ್ರದ್ದೂ ಅಳತೆ ಬೇಕು."

ಬೆಳಿಗ್ಗೆ ನಕ್ಕಿದ್ದ ಮೂವರೂ ಮಣ್ಣು ಮೆತ್ತಿದ ಅಂಗಿಯಲ್ಲೇ ಸಾಲಾಗಿ ಬೆನ್ನು ತಿರುಗಿಸಿ ನಿಂತರು. ಮಂಜುಳಮ್ಮ ಹಗ್ಗದ ತುಂಡೊಂದನ್ನು ಬಿಚ್ಚಿದಳು. "ನೆಟ್ಟಗೆ ನಿಂತ್ಕೊಳ್ರಪ್ಪ," ಎಂದಳು. ಮೂವರೂ ನೆಟ್ಟಗಾದರು.