ಎಡಗಡೆಗೇ ಹಾಕಿ

ಹೃದಯಕ್ಕೆ ಹಾಕುವ ಪೇಸ್‌ಮೇಕರ್ ಎಂದೊಡನೆ ಎಲ್ಲರಿಗೂ ಡಬ್ಬಿಯೇ ಕಣ್ಣಿಗೆ ಬರುತ್ತದೆ. ಬೆಂಕಿಪೊಟ್ಟಣದಷ್ಟು ಗಾತ್ರ, ನುಣ್ಣಗೆ ಹೊಳೆಯುತ್ತದೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ನಾನು ಮಾಡುವುದು ಡಬ್ಬಿಯನ್ನಲ್ಲ. ಅದರಿಂದ ಹೊರಟು, ರಕ್ತನಾಳದೊಳಗೆ ಇಳಿದು, ಹೃದಯದ ಗೋಡೆಯನ್ನು ಕಚ್ಚಿಕೊಳ್ಳುವ ತಂತಿಯನ್ನು. ಡಬ್ಬಿ ಮಾವನ ಮನೆಗೆ ಬಂದ ಅಳಿಯನ ಹಾಗೆ ಚರ್ಮದ ಕೆಳಗೆ ಕೂತಲ್ಲೇ ಕೂತಿರುತ್ತದೆ. ತಂತಿ ಆ ಮನೆಯ ಸೊಸೆ. ಉಸಿರೆಳೆದರೆ ಬಾಗಬೇಕು, ಎದೆ ಬಡಿದರೆ ಬಾಗಬೇಕು, ಕೈ ಎತ್ತಿದರೆ ತಿರುಚಿಕೊಳ್ಳಬೇಕು. ದಿನಕ್ಕೆ ಲಕ್ಷ ಸಲ, ಒಂದು ದಿನ ರಜೆಯಿಲ್ಲ. ಹದಿನಾರು ವರ್ಷದಿಂದ ನಾನು ಈ ಸೊಸೆಯ ಪರ ವಕಾಲತ್ತು ಮಾಡುತ್ತ ಬಂದಿದ್ದೇನೆ. ನನ್ನ ಮೂಗಿನ ತುದಿಯಲ್ಲೇ ಕೋಪ ಎಂದು ಕಚೇರಿಯವರು ಹೇಳುತ್ತಾರೆ. ಅದು ನಿಜ.

ನನ್ನ ಅಣ್ಣನ ಎದೆಯಲ್ಲಿರುವುದೂ ನನ್ನದೇ ತಂತಿ.

ಅಣ್ಣ ಬಣ್ಣ ಬಳಿಯುವವನು. ಅದರಲ್ಲೂ ಸೀಲಿಂಗ್ ಕೆಲಸ. ದೊಡ್ಡ ದೊಡ್ಡ ಹಾಲ್‌ಗಳ ಸೀಲಿಂಗ್ ಎಂದರೆ ಗುತ್ತಿಗೆದಾರರು ಮೊದಲು ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಎಡಗೈಯಲ್ಲಿ ಕೆಲಸ ಮಾಡುತ್ತಾನಾದ್ದರಿಂದ ಊರಿಗೆಲ್ಲ ಅವನು ಎಡಚ. ನಿಜವಾದ ಹೆಸರು ಕೇಳಿದರೆ ಅತ್ತಿಗೆಯೂ ಒಂದು ಕ್ಷಣ ಯೋಚಿಸಬೇಕು. ಮೂರು ವರ್ಷದ ಹಿಂದೆ ಬಚ್ಚಲಮನೆಯಲ್ಲಿ ಎಚ್ಚರ ತಪ್ಪಿ ಬಿದ್ದ. ಹೃದಯದ ಮೇಲಿನ ಕೋಣೆ ಹೇಳಿದ್ದು ಕೆಳಗಿನ ಕೋಣೆಗೆ ಕೇಳಿಸುತ್ತಿರಲಿಲ್ಲ. ನಿಮಿಷಕ್ಕೆ ಇಪ್ಪತ್ತೆಂಟು ಬಡಿತ, ನಡುವೆ ಐದಾರು ಸೆಕೆಂಡು ಏನೂ ಇಲ್ಲ. ಡಬ್ಬಿ ಹಾಕದಿದ್ದರೆ ಉಳಿಯುವುದಿಲ್ಲ ಎಂದರು. ಎರಡು ಕೋಣೆಗೆ ಎರಡು ತಂತಿ.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಡಾಕ್ಟರು ನನ್ನನ್ನು ಒಳಗೆ ಕರೆದು ಕೇಳಿದ್ದರು: "ಇವರು ಎಡಗೈಲಿ ಕೆಲಸ ಮಾಡೋದಂತಲ್ಲ. ಬಲಗಡೆ ಹಾಕಿಬಿಡೋಣ್ವಾ?"

ಸರಿಯಾದ ಪ್ರಶ್ನೆ. ತಂತಿ ಇಳಿಯುವುದು ಕೊರಳೆಲುಬಿನ ಕೆಳಗಿನಿಂದ, ದುಡಿಯುವ ಕೈಯ ಕಡೆ ಅದಕ್ಕೆ ಎಳೆತ ಹೆಚ್ಚು. ಯಾರೇ ಆಗಲಿ ಹೂಂ ಎನ್ನುತ್ತಿದ್ದರು. ಆದರೆ ನನಗೆ ತಂತಿ ಗೊತ್ತಿತ್ತು. ಬಲಗಡೆಯಿಂದ ಹೋದರೆ ದೊಡ್ಡ ರಕ್ತನಾಳಕ್ಕೆ ಸೇರುವ ಕಡೆ ಅದು ಗಕ್ಕನೆ ತಿರುಗಬೇಕು. ಎಡಗಡೆಯ ದಾರಿ ನಿಧಾನವಾಗಿ ಬಾಗುತ್ತದೆ. ನಮ್ಮ ಪರೀಕ್ಷೆಗಳೆಲ್ಲ ಆ ಎಡಗಡೆಯ ಬಾಗಿಗೇ ಮಾಡಿದ್ದು. ನಲವತ್ತು ಕೋಟಿ ಸಲ ಬಾಗಿಸಿ, ಒಂದೂ ಮುರಿಯದಿದ್ದುದನ್ನು ಕಣ್ಣಾರೆ ಕಂಡಿದ್ದೆ. ಗೊತ್ತಿಲ್ಲದ ದಾರಿಗೆ ನನ್ನ ಅಣ್ಣನನ್ನು ಕಳಿಸುವುದೇ?

"ಎಡಗಡೆಗೇ ಹಾಕಿ," ಎಂದೆ.

ಡಾಕ್ಟರು ನಕ್ಕರು. "ತಂತಿ ಮಾಡಿದವರೇ ಹೇಳ್ತಿರುವಾಗ ನಾನ್ಯಾರು ಬೇಡ ಅನ್ನೋಕೆ?"

ಎರಡು ತಿಂಗಳ ಮೇಲೆ ಅಣ್ಣ ಕೆಲಸಕ್ಕೆ ಹೋಗಲೇ ಎಂದು ಕೇಳಿದ. ಆಸ್ಪತ್ರೆಯ ಚೀಟಿಯಲ್ಲಿ ಕೈ ತುಂಬ ಮೇಲೆತ್ತಬಾರದು ಎಂದಿತ್ತು. ಅವರು ಎಲ್ಲರಿಗೂ ಹಾಗೇ ಬರೆದುಕೊಡುತ್ತಾರೆ, ಅದು ನನ್ನ ತಂತಿ, ಧೈರ್ಯವಾಗಿ ಎತ್ತು ಎಂದೆ. ಹಾಗೆ ಹೇಳುವಾಗ ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮೊನ್ನೆ ಬೆಳಿಗ್ಗೆ ಮೇಷ್ಟ್ರು ನನ್ನನ್ನು ಪರೀಕ್ಷೆಯ ಕೋಣೆಗೆ ಕರೆದರು. ಅವರು ನಮ್ಮ ಯಂತ್ರಗಳನ್ನು ನೋಡಿಕೊಳ್ಳುವವರು. ಯಾರು ಏನು ತಪ್ಪು ಬರೆದರೂ ಕೆಂಪು ಪೆನ್ನಿನಲ್ಲಿ ತಿದ್ದುವುದರಿಂದ ಆ ಹೆಸರು. ಆ ಕೋಣೆಗೆ ಕಿಟಕಿಯಿಲ್ಲ. ಮೈಯಷ್ಟೇ ಬೆಚ್ಚಗಿನ ಉಪ್ಪುನೀರಿನ ತೊಟ್ಟಿಗಳಲ್ಲಿ ತಂತಿಗಳು ಹಗಲೂ ರಾತ್ರಿ ಬಾಗುತ್ತ ಟಿಕ್ ಟಿಕ್ ಎನ್ನುತ್ತಿರುತ್ತವೆ. ಹೊಸಬರು ಹತ್ತು ನಿಮಿಷಕ್ಕೇ ತಲೆನೋವು ಎಂದು ಹೊರಗೋಡುತ್ತಾರೆ.

ಮೇಷ್ಟ್ರು ಹೊಸದೊಂದು ಸಲಕರಣೆ ಕಟ್ಟಿದ್ದರು. ಕೊರಳೆಲುಬು, ಅದರ ಕೆಳಗಿನ ಮೊದಲ ಪಕ್ಕೆಲುಬು, ನಡುವೆ ತಂತಿ. ಕೈಯನ್ನು ತಲೆಗಿಂತ ಮೇಲೆ ಎತ್ತಿದಾಗ ಆ ಎರಡು ಎಲುಬುಗಳ ನಡುವೆ ತಂತಿಗೆ ಏನಾಗುತ್ತದೆಯೋ ಅದನ್ನೇ ಈ ಯಂತ್ರ ಮಾಡುತ್ತಿತ್ತು. ಬರೀ ಹಿಸುಕುವುದಲ್ಲ, ಹಿಸುಕಿ ತಿರುಚುವುದು. ನಾವು ಮೊದಲು ಹಿಸುಕಿಯೂ ನೋಡಿದ್ದೆವು, ತಿರುಚಿಯೂ ನೋಡಿದ್ದೆವು. ಎರಡನ್ನೂ ಒಟ್ಟಿಗೆ ಮಾಡಿರಲಿಲ್ಲ.

"ಮೊದಲನೇದು ಮುರೀತು ಮೇಡಂ," ಎಂದರು ಖುಷಿಯಾಗಿ. "ಇಪ್ಪತ್ತೊಂದು ಲಕ್ಷಕ್ಕೆ."

"ಮುರಿದದ್ದಕ್ಕೆ ಹಲ್ಲು ಬಿಡ್ತೀರಲ್ರೀ!"

"ಯಾಕೆ ಬಿಡಬಾರದು? ಸಾಮಾನ್ಯ ಮನುಷ್ಯ ದಿನಕ್ಕೆ ಐವತ್ತು ಸಲ ಕೈ ಎತ್ತಿದರೆ ಹೆಚ್ಚು. ಐವತ್ತು ವರ್ಷಕ್ಕೂ ಹತ್ತು ಲಕ್ಷ ದಾಟಲ್ಲ. ಆರಾಮಾಗಿ ಪಾಸು. ಇಲ್ಲೊಂದು ಸಹಿ ಹಾಕಿ."

ಹಾಕಿದೆ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಪೆನ್ನಿನ ಮುಚ್ಚಳ ಹಾಕುವಾಗ ನನ್ನ ತಲೆ ತನ್ನಷ್ಟಕ್ಕೇ ಬೇರೆ ಲೆಕ್ಕ ಶುರು ಮಾಡಿತು. ಸೀಲಿಂಗ್‌ಗೆ ರೋಲರ್ ಎತ್ತುವುದು ದಿನಕ್ಕೆ ಏನಿಲ್ಲವೆಂದರೂ ಎರಡೂವರೆ ಸಾವಿರ ಸಲ. ವರ್ಷಕ್ಕೆ ಮುನ್ನೂರು ದಿನ. ಏಳೂವರೆ ಲಕ್ಷ. ಮೂರು ವರ್ಷಕ್ಕೆ ಇಪ್ಪತ್ತೆರಡೂವರೆ.

ಪ್ರಪಂಚದ ಎಲ್ಲರಿಗೂ ಪಾಸಾದ ತಂತಿ ನನ್ನ ಅಣ್ಣನೊಬ್ಬನಿಗೆ ಫೇಲು. ತಂತಿಯನ್ನು ಬೈಯುವಂತಿಲ್ಲ, ಡಾಕ್ಟರನ್ನು ಬೈಯುವಂತಿಲ್ಲ, ಕಂಪನಿಯನ್ನು ಬೈಯುವಂತಿಲ್ಲ. ಬೈಯಲು ಉಳಿದವಳು ನಾನೊಬ್ಬಳೇ. ಬೇರೆಯವರನ್ನು ಬೈದೇ ಅಭ್ಯಾಸವಾದವಳಿಗೆ ಅದೂ ಸರಿಯಾಗಿ ಬರಲಿಲ್ಲ.

ಫೋನ್ ಮಾಡಿದೆ. ಮೇಲೆ ಹತ್ತಿದ್ದಾಗ ಅವನು ಫೋನ್ ಎತ್ತುವುದಿಲ್ಲ. ಅತ್ತಿಗೆಯನ್ನು ಕೇಳಿ, ಅವನು ಕೆಲಸ ಮಾಡುತ್ತಿದ್ದ ಹೊಸ ಸಭಾಂಗಣಕ್ಕೆ ಟ್ಯಾಕ್ಸಿ ಹಿಡಿದೆ. ದಾರಿಯಲ್ಲಿ ಪ್ರತಿ ಸಿಗ್ನಲ್ಲಿನಲ್ಲೂ ಅವನ ಕೈ ಏಳುವುದು ಕಾಣುತ್ತಿತ್ತು. ಈ ಕೆಂಪು ದೀಪಕ್ಕೆ ಹತ್ತು ಸಲ, ಆ ಕೆಂಪು ದೀಪಕ್ಕೆ ಹದಿನೈದು. ಕಾರಿನ ಬಾಗಿಲು ತೆಗೆದು ಓಡಿಬಿಡಲೇ ಎನಿಸುತ್ತಿತ್ತು. ಓಡಿದ್ದರೆ ಇನ್ನೂ ತಡವಾಗುತ್ತಿತ್ತು.

ಸಭಾಂಗಣದ ತುಂಬ ಸಾರುವೆ ಕಟ್ಟಿದ್ದರು. ಕುರ್ಚಿಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿತ್ತು. ಎರಡಾಳೆತ್ತರದ ಹಲಗೆಯ ಮೇಲೆ, ನನಗೆ ಬೆನ್ನು ಹಾಕಿ, ಅಣ್ಣ ನಿಂತಿದ್ದ. ಕೂಗಲು ಬಾಯಿ ತೆರೆದವಳು ಗಪ್ಪನೆ ಮುಚ್ಚಿದೆ. ಕೂಗಿದರೆ ಬೆಚ್ಚಿ ತಿರುಗುತ್ತಾನೆ. ಸುಮ್ಮನಿದ್ದರೆ ಇನ್ನೊಂದು ಸಲ ಕೈ ಎತ್ತುತ್ತಾನೆ. ಕತ್ತು ಮೇಲೆ ಮಾಡಿ ನಿಂತೆ.

ಆಮೇಲೆ ಕಂಡಿತು. ಎಡಗೈ ಸುಮ್ಮನೆ ಪಕ್ಕದಲ್ಲಿ ಜೋತುಬಿದ್ದಿತ್ತು. ರೋಲರ್ ಇದ್ದದ್ದು ಬಲಗೈಯಲ್ಲಿ.

ಮೊದಲು ನನಗಾದದ್ದು ಸಂತೋಷ. ಎಡಗೈ ಎತ್ತುತ್ತಿಲ್ಲ, ಬದುಕಿದೆ! ಅಷ್ಟು ಕ್ಷಣ ನಾನು ನಿಜಕ್ಕೂ ನಕ್ಕೆ. ಐವತ್ತೆರಡು ವರ್ಷ ಎಡಚನಾಗಿದ್ದವನು ಬಲಗೈ ಯಾಕೆ ಹಿಡಿದ ಎಂಬ ಪ್ರಶ್ನೆ ಬಂದದ್ದು ಆಮೇಲೆ.

ರೋಲರ್ ಅದ್ದಲು ತಿರುಗಿದವನು ನನ್ನನ್ನು ನೋಡಿದ. "ಏನೇ ಪುಟ್ಟಿ, ಇಷ್ಟು ದೂರ?" ಎನ್ನುತ್ತ, ಬಲಗೈಯಲ್ಲೇ ಏಣಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಇಳಿದು ಮುಗಿಯುವವರೆಗೆ ನಾನು ಏಣಿಯ ಬುಡ ಹಿಡಿದುಕೊಂಡೆ.

"ಎಡಗೈಗೆ ಏನಾಗಿದೆ?"

"ಏನೂ ಇಲ್ಲ ಕಣೇ. ಸ್ವಲ್ಪ ನೋವು."

"ಸುಳ್ಳು ಹೇಳ್ಬೇಡ ಅಣ್ಣ."

ಅವನು ಬಣ್ಣದ ಡಬ್ಬದ ಮೇಲೆ ಕೂತ. ಪ್ಯಾಂಟಿಗೆ ಕೈ ಒರೆಸಿದ. "ನಾಲ್ಕು ತಿಂಗಳಾಯ್ತು. ಎಡಗೈ ಮೇಲೆತ್ತಿದ್ರೆ ಕಣ್ಣು ಕತ್ತಲೆ ಬರುತ್ತೆ. ಇಳಿಸಿದ್ರೆ ಸರಿಹೋಗುತ್ತೆ. ಅದಕ್ಕೇ ಬಲಗೈ ಕಲಿತೆ."

"ಆಸ್ಪತ್ರೆಗೆ ಯಾಕೆ ಹೋಗಲಿಲ್ಲ? ಹೋದ ಸಲ ತಪಾಸಣೆ ಮಾಡಿಸ್ದೆ ಅಂದ್ಯಲ್ಲ!"

"ಹೋಗ್ಲಿಲ್ಲ. ಹೋದ್ರೆ ಅವರು ತಂತಿ ಕೆಟ್ಟಿದೆ ಅಂತ ಬರೀತಾರೆ. ಆ ಕಾಗದ ನಿಮ್ಮ ಆಫೀಸಿಗೇ ತಾನೇ ಬರೋದು? ಸ್ವಂತ ಅಣ್ಣನ ಕಡೆಯಿಂದ ನಿನಗೆ ಕೆಟ್ಟ ಹೆಸರು ಯಾಕೆ ಅಂತ."

ಅವನ ಕೆನ್ನೆಗೆ ಎರಡು ಬಾರಿಸಬೇಕು ಎನಿಸಿತು, ಅವನ ಕಾಲು ಹಿಡಿಯಬೇಕು ಎಂದೂ ಎನಿಸಿತು. ನಾಲ್ಕು ತಿಂಗಳು, ಕೈ ಎತ್ತಿದರೆ ಬಿಟ್ಟು ಇಳಿಸಿದರೆ ಕೂಡುವ ಅರೆ ಮುರಿದ ತಂತಿ ಇಟ್ಟುಕೊಂಡು, ಎರಡಾಳೆತ್ತರದ ಹಲಗೆಯ ಮೇಲೆ, ನನ್ನ ಮರ್ಯಾದೆ ಕಾಯುತ್ತ ನಿಂತಿದ್ದನಲ್ಲ! ಆಸ್ಪತ್ರೆಗೆ ಫೋನ್ ಮಾಡಿದೆ. ಮಲಗಿಸಿಯೇ ಕರೆತರಬೇಕು, ಆಂಬುಲೆನ್ಸ್ ಕಳಿಸುತ್ತೇವೆ, ಇಪ್ಪತ್ತು ನಿಮಿಷ ಎಂದರು.

ಆ ಇಪ್ಪತ್ತು ನಿಮಿಷದಲ್ಲಿ ಎಲ್ಲ ಹೇಳಿದೆ. ಡಾಕ್ಟರು ಬಲಗಡೆ ಎಂದದ್ದು, ನಾನು ಎಡಗಡೆಗೇ ಎಂದದ್ದು. "ತಪ್ಪು ತಂತೀದಲ್ಲ ಅಣ್ಣ, ನಂದು."

"ನೀನು ಚಿಕ್ಕವಳಿದ್ದಾಗ್ಲೂ ಹಾಗೇ. ಕೇಳಿದ್ದಕ್ಕೆ ಉತ್ತರ ಗೊತ್ತಿದ್ರೆ ಪ್ರಶ್ನೆ ಪೂರ್ತಿ ಕೇಳಿಸ್ಕೊಳ್ತಾನೇ ಇರ್ಲಿಲ್ಲ," ಎಂದ. ಅಷ್ಟೇ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಈಗ ಇದನ್ನ ಕಿತ್ತು ಬೇರೆ ಹಾಕ್ತಾರಾ?"

"ಕೀಳೋದು ಅಪಾಯ. ಮೂರು ವರ್ಷದಲ್ಲಿ ಸುತ್ತ ಮಾಂಸ ಬೆಳೆದು ಬಿಗಿ ಹಿಡಿದಿರುತ್ತೆ. ಎಳೆದ್ರೆ ರಕ್ತನಾಳವೇ ಹರಿಯಬಹುದು. ತುದಿಗೆ ಮುಚ್ಚಳ ಹಾಕಿ ಅಲ್ಲೇ ಬಿಡ್ತಾರೆ. ಹೊಸದು ಹಾಕ್ತಾರೆ."

"ಸತ್ತ ತಂತಿ ಒಳಗೇ ಇರುತ್ತಾ? ಸರಿ ಬಿಡು, ಬಾಡಿಗೆ ಏನು ಕೇಳಲ್ವಲ್ಲ," ಎಂದು ನಕ್ಕ. ನಕ್ಕವನು ತಲೆಯೆತ್ತಿ ಸೀಲಿಂಗ್ ನೋಡಿ ಥಟ್ಟನೆ ಎದ್ದುನಿಂತ. "ಅಯ್ಯೋ, ಅಂಚು ಒಣಗ್ತಿದೆ! ಹಸಿ ಇರುವಾಗ್ಲೇ ಸೇರಿಸ್ಬೇಕು. ಆಮೇಲೆ ಬಳಿದ್ರೆ ಗೆರೆ ಬೀಳುತ್ತೆ. ಇಷ್ಟು ವರ್ಷದಲ್ಲಿ ನಾನು ಒಂದು ಗೆರೆ ಬಿಟ್ಟವನಲ್ಲ." ಏಣಿಗೆ ಕೈ ಹಾಕಿದ.

ನಾನು ಅಡ್ಡ ನಿಂತೆ. ಅವನು ದಾರಿ ಬಿಡು ಎಂದ, ನಾನು ಬಿಡಲ್ಲ ಎಂದೆ. ಕೊನೆಗೆ, "ನೀನು ಇಲ್ಲೇ ಮಲಗು. ನಾನು ಹತ್ತಿ ಬಳೀತೀನಿ. ಹೇಗೆ ಅಂತ ಕೆಳಗಿಂದ ಹೇಳು," ಎಂದು ನಾನೇ ಹತ್ತಿದೆ. ಅವನು ಪ್ಲಾಸ್ಟಿಕ್ ಹಾಳೆಯ ಮೇಲೆ ಅಂಗಾತ ಮಲಗಿ ಹೇಳತೊಡಗಿದ. ರೋಲರ್ ಹಗುರ ಹಿಡಿ. ಮೊಣಕೈ ಮಡಚಬೇಡ. ಭುಜದಿಂದ ಎತ್ತು. ಇನ್ನೂ ಮೇಲೆ.

ಮೂವತ್ತು ಸಲಕ್ಕೆ ಭುಜ ಉರಿಯತೊಡಗಿತು. ಐವತ್ತಕ್ಕೆ ಕೈ ನಡುಗಿತು. ಕಣ್ಣಿಗೆ ಬಣ್ಣ ಸಿಡಿಯಿತು. ಹದಿನಾರು ವರ್ಷ ಕೈ ಎತ್ತುವುದರ ಬಗ್ಗೆ ವರದಿ ಬರೆದವಳು ನಾನು, ಹೀಗೆ ಒಂದು ದಿನವೂ ಕೈ ಎತ್ತಿದವಳಲ್ಲ. ನಿಲ್ಲಿಸುವ ಹಾಗಿರಲಿಲ್ಲ. ಮುಂದಿನ ಮೊಳ ಮುಗಿಸುವಷ್ಟರಲ್ಲಿ ಹಿಂದಿನದು ಒಣಗುತ್ತಿತ್ತು.

"ಬಲಗೈಲಿ ನಾನೂ ಹೀಗೇ ತಿಣುಕಾಡಿದ್ದೆ," ಎಂದು ಕೆಳಗಿನಿಂದ ಅವನ ಧ್ವನಿ ಬಂತು. "ಮೊದಲ ತಿಂಗಳು ಮೂಲೆ ಎಲ್ಲ ಸೊಟ್ಟ. ಹುಡುಗರು ನಗ್ತಿದ್ರು. ಈಗ ನೋಡು, ಆ ಬಾಗಿಲ ಮೇಲಿನ ಮೂಲೆ. ಗೆರೆ ಎಳೆದ ಹಾಗಿದೆ. ಇನ್ನು ಈ ಕೈಲೇ ಹತ್ತು ವರ್ಷ ಓಡಿಸ್ತೀನಿ."

ನಾನು ರೋಲರನ್ನು ಮತ್ತೆ ಬಣ್ಣಕ್ಕೆ ಅದ್ದಿದೆ.

"ಪುಟ್ಟಿ, ಹೊಸ ತಂತಿ ಯಾವ ಕಡೆ ಹಾಕ್ತಾರೆ?"

ಕೈ ತನ್ನಷ್ಟಕ್ಕೆ ಮೇಲೇಳುತ್ತಿತ್ತು. ತಲೆ ಎಲ್ಲ ಬಾಗಿಲನ್ನೂ ಬಡಿದು ಬಂತು. ಎಡಗಡೆಯ ನಾಳದಲ್ಲಿ ಹಳೆಯ ಎರಡು ತಂತಿ ಇವೆ, ಮತ್ತೆ ಅಲ್ಲೇ ತುರುಕಿದರೆ ಅದೇ ಎಲುಬು, ಅದೇ ಹಿಸುಕು. ತಂತಿಯೇ ಇಲ್ಲದ ಪುಟ್ಟ ಯಂತ್ರ ಬಂದಿದೆ, ಆದರೆ ನಮ್ಮ ಆಸ್ಪತ್ರೆಯಲ್ಲಿರುವುದು ಒಂದೇ ಕೋಣೆಗೆ. ಅವನಿಗೆ ಎರಡಕ್ಕೂ ಬೇಕು. ಉಳಿದದ್ದು ಒಂದೇ ಕಡೆ. ಅಲ್ಲಿಗೆ ತಂತಿ ಹೋದರೆ ಆ ಕೈಯನ್ನೂ ತಲೆಗಿಂತ ಮೇಲೆ ಎತ್ತುವ ಕೆಲಸಕ್ಕೆ ಹಾಕುವಂತಿಲ್ಲ. ಈ ಸಲ ಧೈರ್ಯವಾಗಿ ಎತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ.

"ಕೇಳಿಸ್ತಾ?"

"ಬಲಗಡೆ," ಎಂದೆ.

ಹೊರಗೆ ದೂರದಲ್ಲಿ ಆಂಬುಲೆನ್ಸಿನ ಸೈರನ್ ಕೇಳತೊಡಗಿತು. ಬಗ್ಗಿ ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ರೋಲರನ್ನು ಇನ್ನೂ ಬಿರುಸಾಗಿ ಎತ್ತಿದೆ, ಇಳಿಸಿದೆ, ಎತ್ತಿದೆ. ಗೋಡೆ ಮುಟ್ಟಲು ಇನ್ನು ಎರಡು ಮೊಳವಿತ್ತು.

"ಇಳಿದು ಬಾರೇ," ಎಂದ ಅಣ್ಣ. "ಗೆರೆ ಬಿದ್ರೆ ಬೀಳ್ಲಿ."