ಸೋಸಿದ ದನಿ

ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ನಾನು ಮಾಡುವ ಮೊದಲ ಕೆಲಸ ಟೇಪ್ ಡೆಕ್ಕಿನ ಹೆಡ್ ಒರೆಸುವುದು. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಒಳಗಿರುವ ಬೆರಳುಗುರಿನಷ್ಟು ಲೋಹದ ತುಂಡನ್ನು ಮೆಲ್ಲಗೆ ಉಜ್ಜಬೇಕು. ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಮಾತಾಡುವವರು ಯಾರೂ ಇರುವುದಿಲ್ಲ. ಆ ದಿನ ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಇನ್ನೊಂದು ಕಡ್ಡಿ ತೆಗೆದುಕೊಂಡೆ, ಅದೂ ಹಾಗೆಯೇ ಆಯಿತು. ಹಿಂದಿನ ಸಂಜೆ ಒಂದೇ ಕ್ಯಾಸೆಟ್ಟಿನ ಒಂದೇ ಜಾಗವನ್ನು ಹತ್ತಿಪ್ಪತ್ತು ಸಲ ಹಿಂದಕ್ಕೆ ತಿರುಗಿಸಿ ಕೇಳಿದ್ದೆ. ಈ ಪುಡಿ ಅಲ್ಲಿಯದೇ. ಟೇಪಿನ ಮೇಲಿರುವ ಕಂದು ಪುಡಿಯಲ್ಲೇ ದನಿ ಇರುವುದು ಎಂದು ಅಂಗಡಿಯ ಯಜಮಾನರಾದ ಶಿವಸ್ವಾಮಿಯವರು ನನಗೆ ಹೇಳಿಕೊಟ್ಟಿದ್ದರು. ಹತ್ತಿಯನ್ನು ಬಿಸಾಡಲು ಮನಸ್ಸಾಗಲಿಲ್ಲ. ಕಾಗದದಲ್ಲಿ ಮಡಚಿ ಡ್ರಾಯರಿನೊಳಗೆ ಇಟ್ಟೆ.

ಆ ಜಾಗದಲ್ಲಿ ನಮ್ಮವ್ವ ಇದ್ದಳು.

ಅವ್ವನ ಹೆಸರು ಮಂಚಮ್ಮ. ನಮ್ಮದು ತಾಂಡವಪುರದ ಆಚೆ ಒಂದು ಸಣ್ಣ ಊರು. ಅವ್ವ ಕೂಲಿಗೆ ಹೋಗುತ್ತಿದ್ದಳು, ಮದುವೆ ಮನೆಗಳಲ್ಲಿ ಸೋಬಾನೆ ಹೇಳುತ್ತಿದ್ದಳು. ತೊಂಬತ್ನಾಲ್ಕರಲ್ಲಿ ನರಸೀಪುರದ ರವಿಕುಮಾರ್ ಎಂಬುವರು ಒಂದು ಮದುವೆಯಲ್ಲಿ ಅವಳ ಪದ ಕೇಳಿ, ತಮ್ಮ ಸ್ಟುಡಿಯೊಗೆ ಬರಲು ಹೇಳಿದರು. ಸೋಬಾನೆ ಪದಗಳ ಕ್ಯಾಸೆಟ್ ಮಾಡುತ್ತಾರಂತೆ. ನಾನು ಆಗಷ್ಟೇ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮನೆಯಲ್ಲಿದ್ದೆ. ಜೊತೆಗೆ ನನ್ನನ್ನೂ ಕರೆದುಕೊಂಡು ಹೋದಳು.

ಸ್ಟುಡಿಯೊ ಅಂದರೆ ಒಂದೇ ಕೋಣೆ. ಗೋಡೆಗೆಲ್ಲ ಗೋಣಿತಾಟು, ಅದರ ಮೇಲೆ ಮೊಟ್ಟೆಯ ಟ್ರೇಗಳು. ಸೋಬಾನೆಗೆ ತಮಟೆ ಬಾರಿಸುವ ಪದ್ಧತಿಯಿಲ್ಲ. ಆದರೂ ಕ್ಯಾಸೆಟ್ಟಿಗೆ ಬೇಕೆಂದು ನಮ್ಮೂರ ಚಿಕ್ಕಸ್ವಾಮಿ ಮಾವನಿಗೂ ಹೇಳಿಕಳಿಸಿದ್ದರು. ಅವ್ವ ಅವನ ಪಕ್ಕದಲ್ಲೇ ನಿಂತಳು. ನಾನು ಮೂಲೆಯಲ್ಲಿ ಚಪ್ಪಲಿಗಳ ಹತ್ತಿರ ಕೂತೆ.

"ಅಮ್ಮ, ನೀವು ಟ್ರ್ಯಾಕ್ ಹಾಡ್ಬುಡಿ ಸಾಕು" ಎಂದರು ರವಿಕುಮಾರ್.

"ಅದ್ಯಾವ್ ಪದ ಸಾ? ನಂಗ್ ಬರಾಕಿಲ್ವಲ್ಲ."

"ನೀವ್ ಆಡೋದೇ ಕಣಮ್ಮ ಅದು" ಎಂದ ಚಿಕ್ಕಸ್ವಾಮಿ ಮಾವ. ಅವನಿಗೂ ಗೊತ್ತಿರಲಿಲ್ಲ.

ಅವ್ವ ಹಾಡಿದ್ದು ಹೆಣ್ಣು ಒಪ್ಪಿಸುವಾಗ ಹೇಳುವ ಪದ. "ತಿರುಗಿ ನೋಡಬ್ಯಾಡ ಮಗಳೆ, ಒಳೆ ದಾಟೋಗಂಟ" ಎಂಬ ಸಾಲು ಬಂದಾಗಲೆಲ್ಲ ತಮಟೆ ನಿಲ್ಲುತ್ತಿತ್ತು. ಅವ್ವನ ಬಾಯಲ್ಲಿ ಹೊಳೆ ಯಾವತ್ತೂ ಒಳೆಯೇ. ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಹಾಗೆಯೇ. ರವಿಕುಮಾರ್ ಎರಡು ಸಲ ತಿದ್ದಿದರು. ಅವ್ವ ತಲೆಯಾಡಿಸಿ ಮತ್ತೆ ಒಳೆ ಎಂದೇ ಹಾಡಿದಳು. ಆಮೇಲೆ ಅವರು ತಿದ್ದುವುದನ್ನು ಬಿಟ್ಟರು. ಒಪ್ಪಿಕೊಂಡರು ಎಂದು ನಾನು ತಿಳಿದೆ.

ಊರಿಗೆ ಬಂದು ಅವ್ವ ಸಿಕ್ಕಿದವರಿಗೆಲ್ಲ, "ಟ್ರ್ಯಾಕ್ ಆಡ್ಬುಟ್ ಬಂದೆ ಕಣಕ್ಕ" ಎಂದು ಹೇಳಿದಳು.

ಮೂರು ತಿಂಗಳಿಗೆ ಕ್ಯಾಸೆಟ್ ಬಂತು. ಬೀದಿಯಲ್ಲಿ ಟೇಪ್ ರೆಕಾರ್ಡರ್ ಇದ್ದದ್ದು ವೆಂಕಟಮ್ಮನ ಮನೆಯಲ್ಲಿ ಮಾತ್ರ. ಜಗಲಿ ತುಂಬ ಜನ ಕೂತರು. ತಮಟೆ ನಮ್ಮ ಮಾವನದ್ದೇ. ಪದವೂ ಅವ್ವನದ್ದೇ. ಹಾಡುತ್ತಿದ್ದವಳು ಮಾತ್ರ ಬೇರೆ ಯಾರೋ. ನಯವಾದ, ಓದಿದವರ ದನಿ. ಹೊಳೆಯನ್ನು ಹೊಳೆ ಎಂದೇ ಹೇಳಿದಳು.

ವೆಂಕಟಮ್ಮ ಸುಮ್ಮನಿರುವವಳಲ್ಲ. "ಏನ್ ಮಂಚಮ್ಮ, ಪೆಟ್ಗೆ ಒಳೀಕ್ ಓಗ್ಬುಟ್ಟು ನಿನ್ ಗಂಟ್ಲು ಇಷ್ಟ್ ನೈಸಾಗೋಯ್ತಾ? ನನ್ನೂ ಒಂದ್ಸಲ ಕರ್ಕೊಂಡೋಗಮ್ಮಿ, ನನ್ ಮೊಕಾನೂ ನೈಸಾದಾತು" ಎಂದಳು.

ಎಲ್ಲರೂ ನಕ್ಕರು. ಅವ್ವನೂ ನಕ್ಕು, "ಮಿಷಿನ್ ಅಲ್ವಾ ಅಕ್ಕ, ಸೋಸ್ತದೆ. ಕಾಪಿ ಸೋಸ್ದಂಗೆ. ಚರಟ ಎಲ್ಲ ಮ್ಯಾಲೇ ನಿಂತ್ಕತದೆ" ಎಂದಳು. ಅವಳು ಅದನ್ನು ನಂಬಿದ್ದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ಆಮೇಲೂ ಮದುವೆಗಳಲ್ಲಿ ಹಾಡಿದಳು. ಆದರೆ ಆ ಪದವನ್ನು ಮಾತ್ರ ಹೇಳಲಿಲ್ಲ. ಕೇಳಿದವರಿಗೆ, "ಕ್ಯಾಸೆಟ್ ಆಕೊಳ್ರವ್ವ, ಅದ್ರಲ್ಲಿ ಸಂದಾಗದೆ" ಎನ್ನುತ್ತಿದ್ದಳು.

ತೊಂಬತ್ತೇಳರಲ್ಲಿ ನಾನು ನಂಜನಗೂಡಿನ ಈ ರೆಕಾರ್ಡಿಂಗ್ ಅಂಗಡಿಗೆ ಸೇರಿದೆ. ಜನ ಚೀಟಿಯಲ್ಲಿ ಹಾಡುಗಳನ್ನು ಬರೆದು ಕೊಡುತ್ತಿದ್ದರು, ನಾನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದೆ. ಗಿರಾಕಿಗಳ ಜೊತೆ ಮಾತಾಡುವ ಕೆಲಸ ಕಡಿಮೆ, ಅದೇ ನನಗೆ ಬೇಕಾಗಿದ್ದದ್ದು. ಒಂದು ದಿನ ಶಿವಸ್ವಾಮಿಯವರನ್ನು ಟ್ರ್ಯಾಕ್ ಎಂದರೇನು ಎಂದು ಕೇಳಿದೆ.

"ಟೇಪಲ್ಲಿ ನಾಕು ಗೆರೆ ಇರ್ತವೆ ಕಣಮ್ಮ. ಒಂದ್ರಲ್ಲಿ ತಮಟೆ, ಒಂದ್ರಲ್ಲಿ ಹಾರ್ಮೋನಿ, ಒಂದ್ರಲ್ಲಿ ಹಾಡು. ಮೊದ್ಲು ಯಾರ್ ಕೈಲಾದ್ರೂ ಹಾಡ್ಸದು, ಬಾರ್ಸೋರಿಗೆ ದಾರಿ ಗೊತ್ತಾಗ್ಲಿ ಅಂತ. ಅದೇ ಟ್ರ್ಯಾಕು. ಆಮೇಲೆ ಆ ಗೆರೆ ಅಳಿಸ್ಬುಟ್ಟು ದೊಡ್ಡೋರ್ ಕೈಲಿ ಹಾಡ್ಸದು."

ಆಗ ಅವ್ವ ಬದುಕಿದ್ದಳು. ಇನ್ನು ಆರು ತಿಂಗಳಷ್ಟೇ ಇರುತ್ತಾಳೆಂದು ಗೊತ್ತಿರಲಿಲ್ಲ. ಅವಳಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಸೋಸುವ ಮಿಷಿನ್ನಿನ ಮಾತೂ ಅವಳಿಗೆ ಉಳಿಯುತ್ತಿರಲಿಲ್ಲ.

ಅವಳು ಹೋದ ಮೇಲೆ ಓಟಿನ ಗುರುತಿನ ಚೀಟಿಯಲ್ಲಿ ಒಂದು ಫೋಟೊ ಉಳಿಯಿತು. ದನಿ ಎಲ್ಲೂ ಇರಲಿಲ್ಲ.

ಎರಡು ಸಾವಿರನೇ ಇಸವಿಯ ಸುಮಾರಿಗೆ ಒಂದು ದಿನ ಅಂಗಡಿಯ ಎಡಗಡೆಯ ಸ್ಪೀಕರಿನ ವೈರನ್ನು ಇಲಿ ಕಡಿಯಿತು. ಯಾರೋ ಅದೇ ಸೋಬಾನೆ ಕ್ಯಾಸೆಟ್ ಬೇಕೆಂದದ್ದಕ್ಕೆ ಹಾಕಿದ್ದೆ. ಅದರಲ್ಲಿ ಹಾಡು ಎಡಗಡೆಯ ಸ್ಪೀಕರಿಗೆ, ತಮಟೆ ಬಲಗಡೆಯದಕ್ಕೆ ಬರುವಂತೆ ಮಾಡಿದ್ದರು. ಈಗ ಬಲಗಡೆಯಿಂದ ಬರೀ ತಮಟೆ ಬರುತ್ತಿತ್ತು. ಆ ಸಾಲಿನಲ್ಲಿ ತಮಟೆ ನಿಂತಿತು. ನಿಂತ ಆ ಖಾಲಿಯಲ್ಲಿ, ಸೊಳ್ಳೆಯಷ್ಟು ಸಣ್ಣಗೆ, "ಒಳೆ ದಾಟೋಗಂಟ" ಎಂದಿತು.

ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಅವ್ವನ ಗೆರೆಯನ್ನು ಅಳಿಸಿದ್ದರು, ನಿಜ. ಆದರೆ ಅವಳು ತಮಟೆಯ ಪಕ್ಕದಲ್ಲೇ ನಿಂತಿದ್ದಳಲ್ಲ, ತಮಟೆಯ ಮೈಕಿಗೂ ಅವಳ ದನಿ ಬಿದ್ದಿತ್ತು. ಪದದಲ್ಲಿ ಆ ಸಾಲು ಐದು ಸಲ ಬರುತ್ತದೆ. ಐದು ಕಡೆಯೂ ಅವಳಿದ್ದಳು.

ಯಾರಿಗೂ ಹೇಳಲಿಲ್ಲ. ಹೇಳಲು ಯಾರಿದ್ದರು? ಸಂಜೆ ಬಾಗಿಲು ಹಾಕುವ ಮೊದಲು ಬ್ಯಾಲೆನ್ಸ್ ನಾಬನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಬಲಗಡೆಯ ಸ್ಪೀಕರಿನಲ್ಲಷ್ಟೇ ಕೇಳುತ್ತಿದ್ದೆ. ಹೀಗೆ ಅಂಗಡಿಯಲ್ಲಿ ಉಳಿದಿದ್ದ ನಾಲ್ಕು ಕ್ಯಾಸೆಟ್‌ಗಳನ್ನೂ ಸವೆಸಿದೆ. ಪ್ರತಿ ಮಾಡಿಕೊಳ್ಳಲು ನೋಡಿದೆ, ಪ್ರತಿಯಲ್ಲಿ ಅವ್ವನ ಜಾಗದಲ್ಲಿ ಬರೀ ಸುಸ್ಸೆನ್ನುವ ಸದ್ದು ಬಂತು. ಹತ್ತಿ ಕಂದಾದ ಆ ಬೆಳಗ್ಗೆ ಕೊನೆಯ ಕ್ಯಾಸೆಟ್ಟನ್ನು ಹಾಕಿದರೆ, ಅದರಲ್ಲೂ ಆ ಜಾಗದಲ್ಲಿ ಸುಸ್ಸೆನ್ನುವುದೊಂದೇ ಕೇಳಿತು.

ಅದು ಎರಡು ಸಾವಿರದ ಐದು. ಕ್ಯಾಸೆಟ್ ಕೇಳುವವರೇ ಇರಲಿಲ್ಲ. ಆ ಹೊತ್ತಿಗೆ ಅಂಗಡಿಗೆ ಬಂದ ಶಿವಸ್ವಾಮಿಯವರು, "ನರಸೀಪುರಕ್ಕೆ ಹೋಗ್ಬುಟ್ ಬಾ. ರವಿಕುಮಾರು ಹಳೇ ಸೋಬಾನೆ ಪದಾನೆಲ್ಲ ಸಿ.ಡಿ. ಮಾಡ್ತಾವ್ನಂತೆ, ರೆಡಿ ಇದ್ರೆ ಇಸ್ಕಂಡ್ ಬಾ" ಎಂದರು.

ಸಿ.ಡಿ. ಸವೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆನೇನೋ, ಎದುರಿನ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

ಸ್ಟುಡಿಯೊದಲ್ಲಿ ಮೊಟ್ಟೆಯ ಟ್ರೇಗಳು ಇರಲಿಲ್ಲ. ಗೋಡೆಗೆ ಬೂದು ಬಣ್ಣದ ಮೆತ್ತೆ, ಮೇಜಿನ ಮೇಲೆ ಕಂಪ್ಯೂಟರ್. ರವಿಕುಮಾರರ ತಲೆ ನೆರೆತಿತ್ತು. ನನ್ನ ಗುರುತು ಅವರಿಗೆ ಸಿಗಲಿಲ್ಲ.

"ನಂಜನಗೂಡ್ ಅಂಗ್ಡಿಯೋರಾ? ಇನ್ನೊಂದ್ ಪದ ಕ್ಲೀನ್ ಮಾಡೋದದೆ, ಕೂತ್ಕಳಮ್ಮ."

ಪರದೆಯ ಮೇಲೆ ಹಸಿರು ಗೆರೆಗಳು. ತಮಟೆಯ ಒಂದೊಂದು ಏಟೂ ಗುಡ್ಡದಂತೆ ಎದ್ದು ಬೀಳುತ್ತಿತ್ತು. ಯಾವ ಪದವೆಂದು ಎರಡು ಏಟಿಗೇ ತಿಳಿಯಿತು. ಗುಡ್ಡಗಳು ಮುಗಿದ ಕಡೆ, ಇರುವೆ ಸಾಲಿನಂಥ ಸಣ್ಣ ಗೀಟು. ಸ್ಪೀಕರಿನಲ್ಲಿ ಅವ್ವ ಬಂದಳು. ಕ್ಯಾಸೆಟ್ಟಿನಲ್ಲಿ ಕೇಳಿದ್ದಕ್ಕಿಂತ ಎಷ್ಟೋ ಹತ್ತಿರ. ಹಾಡುವ ಮೊದಲು ಉಸಿರು ಎಳೆದುಕೊಂಡದ್ದೂ ಕೇಳಿತು.

"ಅದೇನ್ ಸಾ, ಸಣ್ಣಗೆ?" ಎಂದು ಕೇಳಿದೆ.

"ಲೀಕೇಜು. ಹಿಂದ್ಗಡೆ ಯಾರೋ ಹಾಡವ್ರೆ. ತಮಟೆ ಗೆರೇಲಿ ಕೂತ್ಕಬುಟ್ಟದೆ. ತೆಗುದ್ರೆ ನೀಟಾಯ್ತದೆ, ನೋಡು."

ಮೌಸಿನಿಂದ ಇರುವೆ ಸಾಲನ್ನು ಬಳಿದು ಒಂದು ಕೀಲಿ ಒತ್ತಿದರು. ಆ ಜಾಗ ನೇರ ಗೆರೆಯಾಯಿತು.

"ಮೊದ್ಲಿನ್ ಟೇಪು ಅದ್ಯಾ ಸಾ?"

"ಎಲ್ಲಮ್ಮ! ಫಂಗಸ್ ಹಿಡ್ದಿತ್ತು. ಕಂಪ್ಯೂಟರ್ಗೆ ಏರಿಸ್ತಿದ್ದಂಗೇ ತುಂಡಾಗೋಯ್ತು. ಈಗ ಇರೋದು ಇದೊಂದೇ."

ಹೇಳಿ, ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಸ್ಪೀಕರ್ ಆರಿಸಿದರು. ಎರಡನೇ ಜಾಗ ನೇರವಾಯಿತು. ಮೂರನೆಯದೂ ಆಯಿತು. ನಾನು ಎದ್ದು ನಿಂತೆ. ಮೂಲೆಯಲ್ಲಿ ನನ್ನ ಚಪ್ಪಲಿ ಕಾಣುತ್ತಿತ್ತು. ಚರಟ ಮೇಲೇ ನಿಲ್ಲುತ್ತದೆ ಎಂದು ಅವ್ವ ಹೇಳಿದ್ದಳು. ಈ ಮಿಷಿನ್ನಿನಲ್ಲಿ ಅದು ಎಲ್ಲೂ ನಿಲ್ಲುತ್ತಿರಲಿಲ್ಲ.

ನಾಲ್ಕನೆಯದೂ ಹೋಯಿತು. ಬಾಣದ ಗುರುತು ಕೊನೆಯ ಇರುವೆ ಸಾಲಿನ ಹತ್ತಿರ ಬಂತು. ನಾನು ಅವರ ಬೆನ್ನ ಹಿಂದೆ, ಕುರ್ಚಿಗೆ ಒಂದು ಮಾರು ದೂರದಲ್ಲಿದ್ದೆ. ನನಗೆ ಬರುವಷ್ಟು ಗಟ್ಟಿಯಾಗಿ ಹೇಳಿದೆ:

"ಸಾ, ಅದು ನಮ್ಮವ್ವ. ಅದೊಂದ್ ಒಳೆ ಬುಟ್ಬುಡಿ ಸಾ."