ಹತ್ತು ಗಂಟೆಗೆ ಆರಿದ ದೀಪ

ರಾಡರಿಕ್ ಪೆನ್‌ಫೋಲ್ಡ್ ಮೊದಲೇ ಬಂದು ಇದ್ದುದರಲ್ಲಿ ಒಳ್ಳೆಯ ಕುರ್ಚಿ ಹಿಡಿದು ಕೂತಿದ್ದ. ಅದನ್ನು ನೋಡಿದ್ದೇ ತಡ, ಮುರಿಯಲ್ ಹ್ಯಾಸ್ಕೆಟ್‌ಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ನಲವತ್ತು ವರ್ಷ ಕಳೆದರೂ ಈ ಮನುಷ್ಯನ ಬುದ್ಧಿ ಒಂದಿಷ್ಟೂ ಬದಲಾಗಿಲ್ಲ. ಎಲ್ಲಿ ಹೋದರೂ ಮೆತ್ತೆಯ ಕುರ್ಚಿ ಇವನಿಗೆ, ಕಾಲು ಅಲುಗಾಡುವ ಕುರ್ಚಿ ಉಳಿದವರಿಗೆ. ಎಂಬತ್ತೊಂದು ತುಂಬಿದೆ, ಕೈಗೆ ಕೋಲು ಬಂದಿದೆ, ಕುತ್ತಿಗೆಗೆ ರೇಷ್ಮೆ ವಸ್ತ್ರ ಸುತ್ತುವ ಷೋಕಿ ಮಾತ್ರ ಹೋಗಿಲ್ಲ.

"ಬಾ ಚಿನ್ನ, ಬಾ. ಕೂದಲೆಲ್ಲ ಬೆಳ್ಳಗಾಗೋಯ್ತಲ್ಲ ನಿಂದು" ಎಂದ. ಅವನ ತಲೆಯಲ್ಲಿ ಬೆಳ್ಳಗಾಗುವುದಕ್ಕೆ ಒಂದು ಕೂದಲೂ ಉಳಿದಿರಲಿಲ್ಲ. ಮುರಿಯಲ್ ಅಲುಗಾಡುವ ಕುರ್ಚಿಯಲ್ಲಿ ಕೂತಳು.

ಸೋಹೋದ ಒಂದು ನೆಲಮಾಳಿಗೆಯ ಧ್ವನಿಮುದ್ರಣ ಕೋಣೆ ಅದು. 'ಒಂಬತ್ತನೇ ದೀಪಸ್ತಂಭ' ಎಂಬ ಧಾರಾವಾಹಿಯ ಆರನೆಯ ಮತ್ತು ಕೊನೆಯ ಸರಣಿಯನ್ನು ಈಗ ತೊಳೆದು ತಿಕ್ಕಿ ಹೊಸ ಡಿಸ್ಕುಗಳಲ್ಲಿ ತರುತ್ತಿದ್ದರು. ಹಾಗೆ ತರುವಾಗ, ಅಂದು ಕೆಲಸ ಮಾಡಿದವರಲ್ಲಿ ಬದುಕಿ ಉಳಿದವರನ್ನು ಕರೆಸಿ, ಚಿತ್ರ ಓಡುತ್ತಿರುವಾಗಲೇ ಪಕ್ಕದಲ್ಲಿ ಕೂತು ಮಾತಾಡಿಸಿ, ಆ ಮಾತನ್ನೂ ಡಿಸ್ಕಿಗೆ ಸೇರಿಸುವುದು ವಾಡಿಕೆ. ರಾಡರಿಕ್ ನಿರ್ಮಾಪಕನಾಗಿದ್ದವನು. ಮುರಿಯಲ್ ಕಥೆಗಳನ್ನು ತಿದ್ದಿ ತೀಡುತ್ತಿದ್ದವಳು, ಕೊನೆಯ ಕಂತನ್ನು ತಾನೇ ಬರೆದವಳು. ಮಾತಾಡಿಸಲು ಕೂತವಳು ಜಿಲಿಯನ್ ಟ್ವೆಡಲ್, ಐವತ್ತೆರಡರ ಹೆಂಗಸು, ಧಾರಾವಾಹಿಯ ಹುಚ್ಚು ಅಭಿಮಾನಿ. ಮುರಿಯಲ್‌ಳ ಕೈ ಕುಲುಕುವಾಗ ಯಾಕೋ ಅವಳು ಮುಖ ಕೊಟ್ಟು ನೋಡಿರಲಿಲ್ಲ. ಗಾಜಿನ ಆಚೆ ಯಂತ್ರದ ಮುಂದೆ ಕ್ಲೈವ್ ಇದ್ದ. ಕೋಣೆ ಐದು ಗಂಟೆಯವರೆಗೆ ಮಾತ್ರ, ಆಮೇಲೆ ಬೇರೆಯವರು ಬರುತ್ತಾರೆ ಎಂದು ಅವನು ಮೊದಲೇ ಎರಡು ಸಲ ಹೇಳಿಯಾಗಿತ್ತು.

ದೀಪಸ್ತಂಭದ ಕಥೆ ಇಂಗ್ಲಿಷರ ದೇಶದಲ್ಲಿ ಯಾರಿಗೆ ಗೊತ್ತಿಲ್ಲ! ಶನಿವಾರ ಸಂಜೆ ಬೇಯಿಸಿದ ಬೀನ್ಸು, ಟೋಸ್ಟು ತಟ್ಟೆಗೆ ಹಾಕಿಕೊಂಡು ಮಕ್ಕಳು ಟಿ.ವಿ. ಮುಂದೆ ಕೂರುತ್ತಿದ್ದರು. ಆಕಾಶದ ಕೊನೆಯಲ್ಲಿ ಒಂದು ದೀಪ, ಹಾದುಹೋಗುವ ನೌಕೆಗಳಿಗೆ ದಾರಿ ತೋರಿಸಲು. ಅದನ್ನು ಕಾಯುವ ಮುದುಕ ಕಾವಲುಗಾರ. ಅವನಿಗೆ ಟೀ ತಂದುಕೊಡುವ ಅಡುಗೆಯವಳು ನೆಲ್. ಕೊನೆಯ ಕಂತಿನಲ್ಲಿ ಕಾವಲುಗಾರ ಗಾಯಗೊಂಡು ಮೆಟ್ಟಿಲ ಮೇಲೆ ಬೀಳುತ್ತಾನೆ. "ಇನ್ನು ಈ ದೀಪವನ್ನು..." ಎನ್ನುತ್ತಾನೆ. ಮಾತು ಅರ್ಧಕ್ಕೇ ನಿಂತು ಪರದೆಯೆಲ್ಲ ಕತ್ತಲಾಗುತ್ತದೆ. ಅಷ್ಟೇ, ಮುಗಿಯಿತು.

ಆ ಕತ್ತಲು ಮುರಿಯಲ್‌ಳ ಬದುಕನ್ನೇ ನುಂಗಿತು. ಇಷ್ಟು ವರ್ಷ ಪ್ರೀತಿಸಿದ ದೀಪವನ್ನು ಹೀಗಾ ಆರಿಸುವುದು ಎಂದು ಅಭಿಮಾನಿಗಳು ಎಗರಾಡಿದರು. ಕೊನೆಯನ್ನು ಬರೆದದ್ದು ಮುರಿಯಲ್, ಆ ಹೆಂಗಸಿಗೆ ಇದರ ಮೇಲೆ ಪ್ರೀತಿಯೇ ಇರಲಿಲ್ಲ ಎಂದು ರಾಡರಿಕ್ ಅಭಿಮಾನಿಗಳ ಸಭೆ ಸಭೆಯಲ್ಲೂ ಹೇಳಿ ಅವಳ ತಲೆಯ ಮೇಲೆ ಗೂಬೆ ಕೂರಿಸಿದ. ಜನ ಅವಳ ಮನೆಗೆ ಅಂಚೆಯಲ್ಲಿ ಸುಟ್ಟುಹೋದ ಬಲ್ಬುಗಳನ್ನು ಕಳಿಸಿದರು. ಒಟ್ಟು ಅರವತ್ತೊಂದು ಬಲ್ಬು. ಮತ್ತೆ ಯಾರೂ ಅವಳಿಗೆ ಬರೆಯುವ ಕೆಲಸ ಕೊಡಲಿಲ್ಲ. ಈಸ್ಟ್‌ಬೋರ್ನಿನ ಒಂದು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದಳು. ಅಲ್ಲೂ ಹುಡುಗರು ಅವಳು ತರಗತಿಗೆ ಕಾಲಿಟ್ಟ ಕೂಡಲೇ ದೀಪ ಆರಿಸಿ ಕಿಸಕ್ಕೆನ್ನುತ್ತಿದ್ದರು.

ಅದನ್ನೆಲ್ಲ ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು. ಹಾಕಿಕೊಳ್ಳಲಾಗದ್ದು ಡೋರಿನ್ ಲ್ಯಾಪ್ಟನ್‌ಳ ವಿಷಯ. ನೆಲ್ ಪಾತ್ರ ಮಾಡುತ್ತಿದ್ದವಳು ಅವಳೇ, ಮುರಿಯಲ್‌ಗೆ ಜೀವದ ಗೆಳತಿ. ಆರು ವರ್ಷ ಟೀ ಲೋಟ ಹೊತ್ತುಕೊಂಡು ಬಂದು ಹೋದದ್ದು ಬಿಟ್ಟರೆ ಅವಳಿಗೆ ಮಾತೇ ಇರಲಿಲ್ಲ. ಕೊನೆಯ ಕಂತಿನಲ್ಲಾದರೂ ಅವಳಿಗೊಂದು ದೃಶ್ಯ ಇರಲಿ ಎಂದು ಮುರಿಯಲ್ ಎರಡು ಪುಟ ಬರೆದಿದ್ದಳು. ಆ ಎರಡು ಪುಟ ಪರದೆಗೆ ಬರಲೇ ಇಲ್ಲ. ಆ ವರ್ಷದ ಕ್ರಿಸ್‌ಮಸ್‌ಗೆ ಮುರಿಯಲ್ ಕಳಿಸಿದ ಶುಭಾಶಯ ಪತ್ರ ಒಡೆಯದೆಯೇ ವಾಪಸ್ಸು ಬಂತು. ಮಾರನೆಯ ವರ್ಷವೂ ಬಂತು. ಎರಡು ವರ್ಷದ ಹಿಂದೆ ಡೋರಿನ್ ವರ್ದಿಂಗ್‌ನ ವೃದ್ಧಾಶ್ರಮದಲ್ಲಿ ತೀರಿಕೊಂಡಳು, ತನ್ನ ದೃಶ್ಯವನ್ನು ಕಿತ್ತುಹಾಕಿದ್ದು ಮುರಿಯಲ್ಲೇ ಎಂದು ನಂಬಿಕೊಂಡು. ಅದು ಸುಳ್ಳು ಎಂದು ಒಂದು ಸಲ, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಮುರಿಯಲ್ ರೈಲು ಹತ್ತಿ ಬಂದದ್ದು ಅಷ್ಟಕ್ಕೇ. ಕೈಚೀಲದಲ್ಲಿ ಆ ಎರಡು ಪುಟ ಇದ್ದವು.

ಚಿತ್ರ ಓಡತೊಡಗಿತು. ರಾಡರಿಕ್ ಬಾಯಿಗೆ ಬೀಗವಿಲ್ಲ. ರಬ್ಬರಿನ ದೈತ್ಯಹುಳು ಬಾಗಿಲಲ್ಲಿ ಸಿಕ್ಕಿಕೊಂಡದ್ದು, ಅದನ್ನು ನಾಲ್ವರು ಹಿಂದಿನಿಂದ ನೂಕಿದ್ದು, ಎಲ್ಲವನ್ನೂ ರಸವತ್ತಾಗಿ ವರ್ಣಿಸಿದ. ಬಿಸ್ಕತ್ತು ಟೀಯಲ್ಲಿ ಅದ್ದಿ ಅದ್ದಿ ತಿಂದ. ಪರದೆಯ ಮೇಲೆ ಡೋರಿನ್ ಬಂದಳು, ಮುಂಗೈಯಿಂದ ಕೂದಲು ಹಿಂದೆ ಸರಿಸಿ ಟೀ ಇಟ್ಟಳು, ಹೋದಳು. ಅವಳ ಬಗ್ಗೆ ರಾಡರಿಕ್ ಒಂದು ಮಾತೂ ಆಡಲಿಲ್ಲ.

ಕತ್ತಲು ಬಂತು. ಜಿಲಿಯನ್ ಚಿತ್ರ ನಿಲ್ಲಿಸಿದಳು, ಮೈಕು ನಿಲ್ಲಿಸಲಿಲ್ಲ. ಈ ಕೊನೆಯ ಬಗ್ಗೆ ಈಗ ಜನರ ಅಭಿಪ್ರಾಯವೇ ಬದಲಾಗಿದೆ ಎಂದಳು. ಹೋದ ವರ್ಷ ಒಂದು ಪತ್ರಿಕೆ ಇದನ್ನು ಇಂಗ್ಲಿಷ್ ಟಿ.ವಿ.ಯ ಅತ್ಯಂತ ಧೈರ್ಯದ ಮುಕ್ತಾಯ ಎಂದು ಬರೆದಿತ್ತು. ಆ ಅರ್ಧ ವಾಕ್ಯದ ಅರ್ಥವೇನೆಂದು ವಿಶ್ವವಿದ್ಯಾಲಯಗಳಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದರು. ಡಿಸ್ಕಿನ ಜೊತೆ ಬರುವ ಪುಸ್ತಿಕೆಯಲ್ಲಿ ಈ ಮುಕ್ತಾಯ ಯಾರದೆಂದು ಹೆಸರು ಹಾಕಬೇಕಾಗಿತ್ತು.

ರಾಡರಿಕ್ ಗಂಟಲು ಸರಿಮಾಡಿಕೊಂಡ. "ನಿಜ ಹೇಳ್ಬೇಕು ಅಂದ್ರೆ ಅದು ನನ್ನದೇ. ಮೂರು ರಾತ್ರಿ ನಿದ್ದೆ ಮಾಡ್ಲಿಲ್ಲ ನಾನು. ಆಮೇಲೆ ಅಂದ್ಕೊಂಡೆ, ಆರಿಸಿಬಿಡೋಣ, ಜನ ಕತ್ತಲಲ್ಲಿ ಕೂತು ಯೋಚ್ನೆ ಮಾಡ್ಲಿ. ಮುರಿಯಲ್ ಪಾಪ ಒಪ್ಪಿದ್ಳು."

ಗೆದ್ದೆತ್ತಿನ ಬಾಲ ಹಿಡಿಯುವವರನ್ನು ಮುರಿಯಲ್ ಬೇಕಾದಷ್ಟು ಕಂಡಿದ್ದಳು. ಆದರೆ ಈ ಮುದುಕ ನಲವತ್ತು ವರ್ಷ ಆ ಎತ್ತಿಗೆ ಹೊಡೆದು, ಹೊಡೆತದ ಪಾಪವನ್ನು ಅವಳಿಗೆ ಕಟ್ಟಿ, ಈಗ ಬಾಲ ಹಿಡಿದು ನಗುತ್ತಿದ್ದ. ಬೈಗುಳ ಬಂದಾಗ ನಿನ್ನದು, ಹಾರ ಬಂದಾಗ ನನ್ನದು! ಅವಳ ಕೈಯಲ್ಲಿದ್ದ ಕಾಗದದ ಲೋಟ ಸೊಟ್ಟಗಾಗಿ ಟೀ ಲಂಗದ ಮೇಲೆ ಚೆಲ್ಲಿತು.

ಜಿಲಿಯನ್ ಅವಳ ಕಡೆ ತಿರುಗಿ, ಇಷ್ಟು ವರ್ಷ ಎಲ್ಲರೂ ಇದು ನಿಮ್ಮದೇ ಎನ್ನುತ್ತಿದ್ದರಲ್ಲ, ನೀವು ಹೌದೆಂದರೆ ನಿಮ್ಮ ಹೆಸರೇ ಹಾಕುತ್ತೇನೆ ಎಂದಳು. ಒಂದೇ ಒಂದು ಹೌದು. ಅಂದುಬಿಟ್ಟರೆ ಅರವತ್ತೊಂದು ಬಲ್ಬಿಗೂ ನ್ಯಾಯ ಸಿಕ್ಕ ಹಾಗೆ. ಬೈಸಿಕೊಂಡವಳು ತಾನೇ ಆದಮೇಲೆ ಹೊಗಳಿಕೆ ಇನ್ಯಾರದು? ಅವಳಿಗೆ ಆಸೆಯಾಯಿತು, ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೌದೆಂದರೆ ಡೋರಿನ್‌ಳ ದೃಶ್ಯ ಕಿತ್ತವಳು ತಾನೇ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

"ನಂದೂ ಅಲ್ಲ, ಇವರದ್ದೂ ಅಲ್ಲ. ಅದು ಗಡಿಯಾರದ್ದು" ಎಂದಳು.

ಆಮೇಲೆ ಅವಳು ನಡೆದದ್ದನ್ನು ಹೇಳಿದಳು. ಆಗಿನ ಸ್ಟುಡಿಯೋಗಳಲ್ಲಿ ರಾತ್ರಿ ಹತ್ತು ಎಂದರೆ ಹತ್ತು. ಮೊದಲೇ ಅಪ್ಪಣೆ ಪಡೆಯದಿದ್ದರೆ, ಹತ್ತು ಹೊಡೆದ ಕೂಡಲೇ ದೀಪದ ಕೆಲಸದವರು ಸ್ವಿಚ್ಚು ಎಳೆದು ಕೋಟು ಹಾಕಿಕೊಂಡು ಮನೆಗೆ ಹೊರಡುತ್ತಿದ್ದರು. ಅದು ಅವರ ಸಂಘದ ನಿಯಮ, ಎದುರಿಗೆ ರಾಣಿಯೇ ನಿಂತಿದ್ದರೂ ಅಷ್ಟೇ. ಅಂದು ರಾಡರಿಕ್ ಆ ದರಿದ್ರ ರಬ್ಬರ್ ಹುಳುವನ್ನು ಬಾಗಿಲಿಂದ ಬಿಡಿಸಲು ಒಂದೂವರೆ ಗಂಟೆ ಹಾಳುಮಾಡಿದ್ದ. ಅಪ್ಪಣೆ ಕೇಳಿಡಲು ಮರೆತಿದ್ದ. ಕಾವಲುಗಾರನ ಮಾತು ಅರ್ಧದಲ್ಲಿರುವಾಗ ಹತ್ತು ಹೊಡೆಯಿತು, ದೀಪ ಹೋಯಿತು. ಜಗತ್ತು ಮೆಚ್ಚಿದ ಕತ್ತಲು ಇದೇ. ಮುಂದಿನ ವಾರ ಅರ್ಧ ದಿನ ಸ್ಟುಡಿಯೋ ಸಿಗುತ್ತಿತ್ತು, ಉಳಿದದ್ದನ್ನು ಮುಗಿಸಬಹುದಿತ್ತು. ಕೇಳಿದರೆ ತಾನು ಅಪ್ಪಣೆ ಮರೆತದ್ದು ಹೊರಬೀಳುತ್ತದೆಂದು ಅದನ್ನು ಬೇಡ ಎಂದದ್ದು ರಾಡರಿಕ್.

"ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ರಿ?" ಎಂದು ಜಿಲಿಯನ್ ಕೇಳಿದಳು.

"ಮುಂದಿನ ಧಾರಾವಾಹೀಲಿ ಕೆಲಸ ಕೊಡ್ತೀನಿ, ಬಾಯಿ ಮುಚ್ಕೊಂಡಿರು ಅಂದ್ರು ಇವರು. ಮುಚ್ಕೊಂಡೆ. ಕೆಲಸಾನೂ ಬರ್ಲಿಲ್ಲ. ಆಮೇಲೆ ಬಾಯಿ ಬಿಟ್ಟರೆ ಯಾರು ನಂಬ್ತಾರೆ? ಸುಮ್ಮನಿದ್ದದ್ದು ನನ್ನ ತಪ್ಪೇ."

ರಾಡರಿಕ್ ನಿಟ್ಟುಸಿರಿಟ್ಟು ಜಿಲಿಯನ್ ಕಡೆ ನೋಡಿ, ಪಾಪ, ವಯಸ್ಸಾಯಿತು, ಮರೆವು ಎಂದ. ನಾಲಿಗೆಗೆ ಎಲುಬಿಲ್ಲ ನೋಡಿ, ಹೇಗೆ ಬೇಕಾದರೂ ಹೊರಳುತ್ತದೆ.

ಕತ್ತರಿಸಿ ಜೋಡಿಸುವ ಮೊದಲಿನ ಮೂಲ ಟೇಪು ಉಗ್ರಾಣದಲ್ಲಿ ಸಿಕ್ಕಿದೆ ಎಂದಳು ಜಿಲಿಯನ್. ದೀಪ ಹೋದ ಮೇಲೂ ಟೇಪು ಒಂದು ನಿಮಿಷ ಓಡಿತ್ತಂತೆ. ಚಿತ್ರವಿಲ್ಲ, ಧ್ವನಿ ಮಾತ್ರ. ಅದರಲ್ಲಿ ಆಡಿದವರು ಯಾರೆಂದು ತನಗೆ ಖಾತ್ರಿಯಾಗಿಲ್ಲ, ನೀವಿಬ್ಬರೂ ಕೇಳಿ ಎಂದು ಕ್ಲೈವ್‌ಗೆ ಸನ್ನೆ ಮಾಡಿದಳು.

ಕಾವಲುಗಾರನ ಅರ್ಧ ಮಾತು. ಸ್ವಿಚ್ಚಿನ ಸದ್ದು. ಯಾರೋ ಕತ್ತಲಲ್ಲಿ ಬೈದರು. ಯಾರೋ ಕುರ್ಚಿ ಎಡವಿದರು. ಆಮೇಲೆ ಹತ್ತಿರದಲ್ಲೇ ಒಂದು ಹೆಣ್ಣಿನ ಧ್ವನಿ: "ರಾಡರಿಕ್, ನನ್ನ ದೃಶ್ಯ ಇನ್ನೂ ಇದೆ. ಮುಂದಿನ ವಾರ ತೆಗೀತೀವಿ ತಾನೇ?"

ಗಂಡಸಿನ ಧ್ವನಿ ಸ್ವಚ್ಛವಾಗಿತ್ತು. ರೇಷ್ಮೆ ವಸ್ತ್ರದ ಆ ಧ್ವನಿಯನ್ನು ಗುರುತಿಸಲು ಯಾರ ಸಹಾಯವೂ ಬೇಕಿರಲಿಲ್ಲ. "ಇಲ್ಲಮ್ಮ. ಮುರಿಯಲ್ ಬೇಡ ಅಂದ್ಳು. ಅಡುಗೆಯವಳ ಕೈಲಿ ಮುಗಿಸಿದ್ರೆ ಚೆನ್ನಾಗಿರಲ್ಲ ಅಂತೆ."

"ಮುರಿಯಲ್ ಹಾಗಂದ್ಳಾ?" ಎಂದಿತು ಡೋರಿನ್‌ಳ ಧ್ವನಿ. ಆಮೇಲೆ ಟೇಪು ಮುಗಿಯಿತು.

ಅಂದು ಆ ಹೊತ್ತಿನಲ್ಲಿ ಮುರಿಯಲ್ ಎಲ್ಲಿದ್ದಳು? ಹೊರಗೆ ಓಣಿಯಲ್ಲಿ, ದೀಪದವರ ಮೇಸ್ತ್ರಿಯ ತೋಳು ಹಿಡಿದು, ಐದೇ ನಿಮಿಷ ಕೊಡಿ, ಅವಳು ಆರು ವರ್ಷ ಕಾದಿದ್ದಾಳೆ ಎಂದು ಗೋಗರೆಯುತ್ತಿದ್ದಳು. ಅವಳು ಅಲ್ಲಿ ಬೇಡುತ್ತಿರುವಾಗ ಇವನು ಇಲ್ಲಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸುತ್ತಿದ್ದ.

"ಇದನ್ನೆಲ್ಲ ಕತ್ತರಿಸಿಬಿಡಿ. ಹಳೇ ಕಥೆ" ಎಂದ ರಾಡರಿಕ್. ಆಮೇಲೆ ಧ್ವನಿ ಮೆತ್ತಗೆ ಮಾಡಿಕೊಂಡು, "ನೋಡು ಚಿನ್ನ, ಆ ಕತ್ತಲಿಂದಲೇ ಅಲ್ವಾ ಇವತ್ತು ಜನ ಇದನ್ನ ನೆನೆಸ್ಕೊಳ್ತಿರೋದು? ನಿನ್ನ ಎರಡು ಪುಟ ತೆಗೆದಿದ್ರೆ ಯಾರು ಮೂಸಿ ನೋಡ್ತಿದ್ರು? ಒಂದು ಲೆಕ್ಕಕ್ಕೆ ನಾನು ಉಪಕಾರವೇ ಮಾಡಿದೀನಿ."

"ನನ್ನ ಹೆಸರು ಮುರಿಯಲ್" ಎಂದಳು ಅವಳು. "ಚಿನ್ನ ಅಲ್ಲ. ನನಗೆ ಮಾಡಿದ್ದು ಹಾಳಾಗಿಹೋಗಲಿ. ಅರವತ್ತೊಂದು ಬಲ್ಬು ಎಣಿಸಿ ಕಸಕ್ಕೆ ಹಾಕಿದೀನಿ, ಇನ್ನೊಂದು ಬಂದಿದ್ರೆ ಅದನ್ನೂ ಹಾಕ್ತಿದ್ದೆ. ಆದರೆ ಅವಳು ನಿನ್ನ ಮಾತು ನಂಬ್ಕೊಂಡು ಸತ್ಲು. ಮೂವತ್ತೆಂಟು ವರ್ಷ ಅವಳು ಬದುಕಿದ್ಲು, ರಾಡರಿಕ್. ಒಂದು ಫೋನು ಮಾಡೋಕೆ ನಿನಗೆ ಮೂವತ್ತೆಂಟು ವರ್ಷ ಸಾಲಲಿಲ್ವಾ?"

ಅವನು ಬಿಸ್ಕತ್ತಿನ ಪುಡಿಯನ್ನು ಮಡಿಲಿಂದ ಕೊಡವಿಕೊಂಡ.

ಜಿಲಿಯನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಮೇಡಂ, ಅದ್ರಲ್ಲಿ ಒಂದು ಬಲ್ಬು ನಂದು. ಆಗ ಹನ್ನೆರಡು ವರ್ಷ ನಂಗೆ. ಒಡೀಬಾರದು ಅಂತ ಹತ್ತೀಲಿ ಸುತ್ತಿ ಕಳಿಸಿದ್ದೆ."

ಮುರಿಯಲ್ ಅವಳನ್ನು ನೋಡಿದಳು. ಕ್ಷಮಿಸುವ ಮನಸ್ಸು ಅವಳಿಗೆ ಆಗ ಇರಲಿಲ್ಲ. "ನಿನಗೆ ಹನ್ನೆರಡು. ಅವನಿಗೆ ನಲವತ್ತೊಂದು" ಎಂದಷ್ಟೇ ಹೇಳಿದಳು. ಆಮೇಲೆ ಕೈಚೀಲದಿಂದ ಹಳದಿಗಟ್ಟಿದ ಎರಡು ಪುಟ ತೆಗೆದು, ಆ ಕತ್ತಲನ್ನು ಇನ್ನೊಂದು ಸಲ ಹಾಕು, ಅದರ ಮೇಲೆ ಇದನ್ನು ಓದುತ್ತೇನೆ, ಪುಸ್ತಿಕೆಯಲ್ಲಿ ಯಾರ ಹೆಸರನ್ನೂ ಹಾಕಬೇಡ, ಇದನ್ನು ಹಾಕು ಎಂದಳು.

ರಾಡರಿಕ್ ಕೋಲೂರಿ ಎದ್ದ. ಯಾರೂ ಅವನಿಗೆ ಬಾಗಿಲು ತೆಗೆಯಲಿಲ್ಲ. ಬಾಗಿಲು ಭಾರವಾಗಿತ್ತು, ಎರಡು ಕೈಯಲ್ಲೂ ಎಳೆದು ತಾನೇ ತೆಗೆದುಕೊಂಡು ಹೋದ.

ಅಷ್ಟರಲ್ಲಿ ಗಾಜಿನ ಆಚೆಯಿಂದ ಕ್ಲೈವ್‌ನ ಧ್ವನಿ ಬಂತು. ಐದು ಗಂಟೆಯಾಯಿತು, ಮುಂದಿನವರು ಮೆಟ್ಟಿಲ ಮೇಲೆ ಕಾಯುತ್ತಿದ್ದಾರೆ, ಕ್ಷಮಿಸಬೇಕು ಎಂದ. ಅವನ ಕೈ ಗೋಡೆಯ ಸ್ವಿಚ್ಚಿನ ಮೇಲಿತ್ತು.

ಮುರಿಯಲ್ ತಲೆ ಎತ್ತಿದಳು. ಧ್ವನಿ ಏರಿಸಲಿಲ್ಲ. ಅಂದು ಓಣಿಯಲ್ಲಿ ಬೇಡಿದ ಹಾಗೆ ಇಂದು ಬೇಡಲೂ ಇಲ್ಲ.

"ದೀಪದ ತಂಟೆಗೆ ಹೋಗ್ಬೇಡಪ್ಪ" ಎಂದಳು. "ಎರಡು ಪುಟ ಇದೆ. ಓದಿ ಮುಗಿಸೋವರೆಗೂ ನಾನು ಏಳಲ್ಲ. ಬೇಕಾದ್ರೆ ಅವರನ್ನೂ ಒಳಗೆ ಕರಿ, ಕೇಳ್ಲಿ."

ಕ್ಲೈವ್ ಅವಳ ಮುಖ ನೋಡಿದ. ಸ್ವಿಚ್ಚಿನ ಮೇಲಿಂದ ಕೈ ತೆಗೆದು, ಯಂತ್ರದ ಮುಂದೆ ಕೂತು, ತಲೆಯಾಡಿಸಿದ.

ಅವಳು ಓದಿದಳು. ಕಾವಲುಗಾರ ಮೆಟ್ಟಿಲ ಮೇಲೆ ಬಿದ್ದಿದ್ದಾನೆ. ಇನ್ನು ಈ ದೀಪವನ್ನು ನೆಲ್ ನೋಡಿಕೊಳ್ಳಲಿ, ಎನ್ನುತ್ತಾನೆ. ದೀಪ ಆರುತ್ತದೆ. ಕತ್ತಲಲ್ಲಿ ಹೆಜ್ಜೆಯ ಸದ್ದು. ನೆಲ್ ಟೀ ಲೋಟ ಹಿಡಿದು ಬರುತ್ತಾಳೆ, ಬಗ್ಗಿ ಅವನನ್ನು ನೋಡುತ್ತಾಳೆ, ಲೋಟವನ್ನು ಮೆಟ್ಟಿಲ ಮೇಲಿಡುತ್ತಾಳೆ. ಸೊಂಟದ ಬಟ್ಟೆಯಿಂದ ಬೆಂಕಿಪೊಟ್ಟಣ ತೆಗೆಯುತ್ತಾಳೆ. ನೆಲ್‌ಗೆ ಇದ್ದದ್ದು ಒಂದೇ ಮಾತು. ಮುರಿಯಲ್ ಅದನ್ನು ತನ್ನ ಧ್ವನಿಯಲ್ಲಿ ಓದಲಿಲ್ಲ, ಆಗಷ್ಟೇ ಟೇಪಿನಲ್ಲಿ ಕೇಳಿದ ಡೋರಿನ್‌ಳ ಧ್ವನಿಯಲ್ಲಿ ಓದಿದಳು:

"ಟೀ ಆಮೇಲೆ ಕೊಡ್ತೀನಿ. ಮೊದ್ಲು ದೀಪ."